ಸಾಲಿನಲ್ಲಿ ಅಂದ ಮಾತು

ನೀರಿನ ಪಾರ್ಕಿಗೆ ಹೋಗುವುದೆಂದು ಗೊತ್ತಾದ ದಿನದಿಂದ ಗವಿಸಿದ್ದೇಶ ಒಂದೇ ಹಟ ಹಿಡಿದಿದ್ದ. ಅತ್ತಿ ಬಂದರೆ ಮಾತ್ರ ತಾನು ಬರುವುದು.

"ಆಕಿ ಅಲ್ಲಿಗೆ ಬಂದು ಏನ್ ಮಾಡ್ತಾಳಲೇ?" ಅಪ್ಪ ಹಾಲೇಶಪ್ಪ ರೊಟ್ಟಿ ಮುರಿಯುತ್ತ ಕೇಳಿದ. "ಜಾರಬಂಡಿ ಆಡ್ತಾಳೇನು?"

"ಯಾಕ ಆಡಬಾರದು? ನನಗೇನು ಕಾಲಿಲ್ಲೇನು?" ಒಲೆಯ ಮುಂದೆ ಕೂತಿದ್ದ ಅವನ ಅಕ್ಕ ನಾಗಲಿಂಗಮ್ಮ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ನಕ್ಕಳು.

ಐದು ವರ್ಷದ ಗವಿಯ ಜೊತೆಗೆ ಹತ್ತು ವರ್ಷದ ಅರ್ಚನಾಳೂ ದನಿಗೂಡಿಸಿದಳು. ಹೆಂಡತಿ ಸುಮಲತಾ ಕೂಡ, "ಬರ್ಲಿ ಬಿಡ್ರಿ. ಅಷ್ಟು ದೊಡ್ಡ ಜಾಗದಾಗ ಇವನ್ನ ಹಿಡಿಯೋದು ನನ್ನೊಬ್ಬಾಕಿ ಕೈಲಿ ಆಗೋದಿಲ್ಲ" ಎಂದಳು. ಹಾಲೇಶಪ್ಪ ಒಪ್ಪಿದ. ಒಪ್ಪಿದ ಮೇಲೆ ಅಕ್ಕನಿಗೆ ಒಂದಿಷ್ಟು ಮಾತು ಹೇಳಿದ. ಅಲ್ಲಿಗೆ ಬರುವವರೆಲ್ಲ ಬೆಂಗಳೂರಿನ ಮಂದಿ. ಜೋರಾಗಿ ಮಾತಾಡಬಾರದು. ಕಡ್ಡಿಪುಡಿ ಹಾಕಬಾರದು. ಸುಮಲತಾಳ ಹೊಸ ಸೀರೆ ಒಂದನ್ನು ಉಡಬೇಕು.

"ಆತು ಬಿಡಪ್ಪ," ಎಂದಳು ನಾಗಲಿಂಗಮ್ಮ.

ಹೂವಿನಹಡಗಲಿಯ ಬಜಾರಿನಲ್ಲಿ ಹಾಲೇಶಪ್ಪನದು ಮಿಕ್ಸಿ, ಫ್ಯಾನು, ಟಿ.ವಿ. ಮಾರುವ ಅಂಗಡಿ. ಮಧ್ಯಾಹ್ನದ ಹೊತ್ತು ಸುಮಲತಾ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಮನೆಯ ಒಲೆ, ನೀರು, ಮಕ್ಕಳು ನಾಗಲಿಂಗಮ್ಮನ ಪಾಲಿಗೆ. ಅವಳು ಹಾಲೇಶಪ್ಪನಿಗಿಂತ ಹತ್ತು ವರ್ಷ ಹಿರಿಯಳು. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮಾರಿದ್ದಳು. ಹೊರಟ ಬಸ್ಸಿನ ಪಕ್ಕದಲ್ಲಿ ಓಡುತ್ತ ಕಿಟಕಿಗಳಿಗೆ ಮಾಲೆ ಎತ್ತಿ ಹಿಡಿಯುತ್ತಿದ್ದಳು. ಮುಂದೆ ಮದುವೆಯಾಗಿ ಕೂಡ್ಲಿಗಿಗೆ ಹೋದಳು. ಗಂಡ ಸತ್ತ ಮೇಲೆ ಮಕ್ಕಳಿಲ್ಲದೆ ತಮ್ಮನ ಮನೆಗೆ ಬಂದಳು. ಆಗ ಅವಳನ್ನು ಕರೆತಂದವನು ಹಾಲೇಶಪ್ಪನೇ. ಅವನೇನು ಕೆಟ್ಟ ತಮ್ಮನಾಗಿರಲಿಲ್ಲ.

ಆದರೆ ಬಸ್‌ಸ್ಟ್ಯಾಂಡಿನ ಆ ದಿನಗಳ ಮಾತು ತೆಗೆದರೆ ಅವನಿಗೆ ಸೇರುತ್ತಿರಲಿಲ್ಲ. ಅಂಗಡಿಗೆ ಬಂದ ಯಾರಾದರೂ ಹಳಬರು, "ಹೂವಿನ ನಾಗಲಿಂಗಿ ತಮ್ಮ ಅಲ್ಲೇನು ನೀನು?" ಎಂದು ಕೇಳಿದರೆ, "ಏನು ಬೇಕಿತ್ರಿ?" ಎಂದು ಮಾತು ತಿರುಗಿಸುತ್ತಿದ್ದ.

ಎರಡು ಸಾವಿರದ ನಾಲ್ಕರ ಬೇಸಿಗೆ. ಬಾಡಿಗೆಯ ಸುಮೋದಲ್ಲಿ ಬೆಂಗಳೂರಿನ ಆಚೆಗಿದ್ದ ಆ ಪಾರ್ಕು ಮುಟ್ಟಿದಾಗ ಬಿಸಿಲೇರಿತ್ತು. ನಾಗಲಿಂಗಮ್ಮ ಸುಮಲತಾಳ ಸೀರೆ ಉಟ್ಟಿರಲಿಲ್ಲ. "ಅದು ಮೈಗೆ ಅಂಟ್ತೈತಿ, ಸೆಕಿ" ಎಂದು ತನ್ನ ಇಳಕಲ್ ಸೀರೆಯನ್ನೇ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹಾಲೇಶಪ್ಪ ಒಮ್ಮೆ ನೋಡಿ ಮುಖ ತಿರುವಿದ್ದ.

ದೊಡ್ಡ ಜಾರಬಂಡಿಗೆ ಹೋಗುವ ಸಾಲು ಕಬ್ಬಿಣದ ಕಂಬಿಗಳ ನಡುವೆ ಹಾವಿನ ಹಾಗೆ ಹೊರಳಿ ಹೊರಳಿ ಹೋಗಿತ್ತು. ತಗಡಿನ ನೆರಳು ಅರ್ಧಕ್ಕೇ ಮುಗಿದಿತ್ತು. ಮೇಲಿನಿಂದ ಜಾರುವವರ ಕೇಕೆ ಕೇಳುತ್ತಿತ್ತು, ಕೆಳಗಿನ ಸಾಲು ಮಾತ್ರ ಅಲುಗುತ್ತಿರಲಿಲ್ಲ. ಮುಂದಿದ್ದ ಒಬ್ಬ ತಂದೆ ಅಳುವ ಮಗನ ಬೆನ್ನಿಗೆ ಗುದ್ದಿದ. ಹಿಂದಿದ್ದ ಹೆಂಗಸು ಕಾವಲುಗಾರನ ಜೊತೆ ಜಗಳ ತೆಗೆದಿದ್ದಳು. ಗವಿ ನೆಲಕ್ಕೆ ಕೂತು, "ಮನಿಗೆ ಹೋಗೋಣು" ಎಂದು ರಾಗ ಎಳೆಯತೊಡಗಿದ. ಸುಮಲತಾ ಬಾಟಲಿಗೆ ನೀರು ತುಂಬಿಸಿಕೊಂಡು ಬರಲು ಹೊರಗೆ ಹೋದಳು.

"ಏಳಪ್ಪ ಏಳು, ಬಸ್ಸು ಬಿಡೋ ಹೊತ್ತಾತು," ಎಂದಳು ನಾಗಲಿಂಗಮ್ಮ.

"ಯಾವ ಬಸ್ಸು?"

"ಇದಾ ಬಸ್ಸು. ಕಂಬಿ ಕಾಣಸಲ್ಲೇನು? ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ! ಹತ್ರಿ ಹತ್ರಿ!"

ಚಿಕ್ಕಿ ಸುತ್ತಿದ್ದ ಕಾಗದವನ್ನು ಹರಿದು ಗವಿಗೊಂದು ಟಿಕೆಟು ಕೊಟ್ಟಳು, ಅರ್ಚನಾಳಿಗೊಂದು ಕೊಟ್ಟಳು. ಅಳುತ್ತಿದ್ದ ಮುಂದಿನ ಹುಡುಗ ಬಾಯಿ ಮುಚ್ಚಿ ಕೈ ಚಾಚಿದ. ಅವನಿಗೂ ಒಂದು. ಸಾಲು ಒಂದಿಷ್ಟು ಸರಿಯಿತು. ನಾಗಲಿಂಗಮ್ಮ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. "ರೈಟ್!"

ಕಂಬಿ ಹೊರಳಿದ ಕಡೆಯೆಲ್ಲ ಒಂದೊಂದು ಊರಾಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಮಕ್ಕಳೆಲ್ಲ ಇಳಿದು ಹತ್ತಿದರು. ಕೊಟ್ಟೂರಿಗೆ ಬರುವಷ್ಟರಲ್ಲಿ ಬಸ್ಸಿನಲ್ಲಿ ಒಬ್ಬಾಕೆ ಕೋಳಿ ತಂದು ಜಗಳವಾಯಿತು. ಕೋಳಿಯಾದವನು ಕನ್ನಡಕದ ಹುಡುಗ, ಅವನು ಕೂಗಿದ ಕೂಗಿಗೆ ಹಿರಿಯರೂ ನಕ್ಕರು. "ಗುಂಡಿ ಬಂತು!" ಎಂದರೆ ಎಲ್ಲರೂ ಜಿಗಿಯಬೇಕು. "ಲಾರಿ ಬಂತು!" ಎಂದರೆ ಎಡಕ್ಕೆ ವಾಲಬೇಕು. ಜಗಳ ತೆಗೆದಿದ್ದ ಹೆಂಗಸು ಕೂಡ ವಾಲಿದಳು.

"ಆಂಟಿ, ಕೂಡ್ಲಿಗಿ ಯಾವಾಗ ಬರುತ್ತೆ?" ಒಬ್ಬ ಹುಡುಗಿ ಕೇಳಿದಳು.

"ಟಿಕೆಟ್ ತಗೊಂಡೀಯಲ್ಲ, ತಾನ ಬರ್ತೈತಿ. ಕಿಟಕ್ಯಾಗ ತಲಿ ಹಾಕಬ್ಯಾಡ!"

ಕಾವಲುಗಾರ ಹತ್ತಿರ ಬಂದು, "ಅಮ್ಮ, ನೀವು ಭಾನುವಾರ ಭಾನುವಾರ ಬಂದ್ಬಿಡಿ" ಎಂದು ಹೇಳಿ ನಕ್ಕ.

ಹಾಲೇಶಪ್ಪ ನಾಲ್ಕು ಜನ ಮುಂದಕ್ಕೆ ಸರಿದು ಬೆನ್ನು ತಿರುಗಿಸಿ ನಿಂತಿದ್ದ. ಆ ಸಿಳ್ಳೆ, ಆ ಕೂಗು ಅವನಿಗೆ ಹಳೆಯ ಪರಿಚಯ. ಹೊರಟ ಬಸ್ಸಿನ ಜೊತೆ ಓಡುವಾಗಿನ ಸಿಳ್ಳೆ ಅದು.

"ಏನ್ರಿ ಹಾಲೇಶಪ್ಪಾರ! ನೀವೂ ಬಂದೀರೇನು?"

ತಿರುಗಿ ನೋಡಿದರೆ ಹರಪನಹಳ್ಳಿಯ ಶಿವಯೋಗಪ್ಪ. ಸುತ್ತಲಿನ ತಾಲ್ಲೂಕುಗಳಿಗೆಲ್ಲ ಸಾಮಾನು ಹಂಚುವ ಸಾವಕಾರ. ಹಡಗಲಿ ತಾಲ್ಲೂಕಿಗೆ ಫ್ರಿಜ್ಜಿನ ಏಜೆನ್ಸಿಯನ್ನು ಯಾರಿಗೆ ಕೊಡಬೇಕೆಂಬುದು ಆ ವರ್ಷ ಅವನ ಕೈಯಲ್ಲಿತ್ತು. ಜೊತೆಗೆ ಹೆಂಡತಿ ಕೊಟ್ರಮ್ಮ, ಅಳುಮೋರೆಯ ಇಬ್ಬರು ಮೊಮ್ಮಕ್ಕಳು. ನಮಸ್ಕಾರ ಮುಗಿಯುವಷ್ಟರಲ್ಲಿ ಆ ಮೊಮ್ಮಕ್ಕಳು ಕಂಬಿಯ ಕೆಳಗೆ ನುಸುಳಿ ನಾಗಲಿಂಗಮ್ಮನ ಬಸ್ಸು ಹತ್ತಿಬಿಟ್ಟಿದ್ದವು.

"ಅಯ್ಯ, ಬೆಳಗಿಂದ ಅತ್ತು ಸಾಕು ಮಾಡಿದ್ವು, ನೋಡ್ರಿ ಈಗ," ಕೊಟ್ರಮ್ಮ ಬೆರಗಾದಳು. "ಭಾಳ ಚಲೋ ಆಡಸ್ತಾಳಲ್ಲ! ನಿಮ್ಮ ಮಗಳು ಆಕೀ ಕೈ ಹಿಡಕೊಂಡಾಳ. ಯಾರ್ರಿ ಆಕಿ?"

ಹಾಲೇಶಪ್ಪ ಅಕ್ಕನ ಕಡೆ ನೋಡಿದ. ಬೆವರಿಗೆ ಕುಂಕುಮವಿಲ್ಲದ ಹಣೆ ಹೊಳೆಯುತ್ತಿತ್ತು. ಸೆರಗು ಸೊಂಟದಲ್ಲಿ, ಕಾಲಲ್ಲಿ ಹವಾಯಿ ಚಪ್ಪಲಿ.

"ಮನ್ಯಾಗ ಅಡಿಗಿ ಪಡಿಗಿ ಮಾಡ್ಕೊಂಡು ಅದಾಳ್ರಿ," ಎಂದ. "ಹುಡುಗ್ರನ್ನ ಹಿಡಿಯಾಕ ಇರ್ಲಿ ಅಂತ ಕರಕೊಂಡು ಬಂದ್ವಿ."

ಅರ್ಚನಾ ತಂದೆಯ ಕಡೆ ತಿರುಗಿದಳು. ನಾಗಲಿಂಗಮ್ಮನ ಸಿಳ್ಳೆ ಒಂದು ಗಳಿಗೆ ನಿಂತಿತು. ಆಮೇಲೆ, "ಕೂಡ್ಲಿಗಿ ಬಂತ್ರಪ್ಪೋ, ಇಳಿಯೋರು ಇಳೀರಿ" ಎಂಬ ದನಿ ಕೇಳಿತು.

ಹಾಲೇಶಪ್ಪನ ಪುಣ್ಯಕ್ಕೋ ಪಾಪಕ್ಕೋ, ಅಲ್ಲಿಂದ ಮುಂದೆ ಸಾಲು ಬೇಗ ಬೇಗ ಕರಗಿತು.

*

ಮಾರನೆಯ ದಿನ ಊಟಕ್ಕೆ ಕೂತಾಗ ಅರ್ಚನಾ ಕೇಳಿದಳು.

"ಅಪ್ಪಾ, ಅತ್ತಿ ನಮ್ಮ ಮನಿ ಅಡಿಗಿಯಾಕೀನ?"

"ಯಾರಂದ್ರು ನಿನಗ?" ಎಂದಳು ಸುಮಲತಾ.

"ಅಪ್ಪಾನ ಅಂದ್ರಲ್ಲ, ಆ ಸಾವಕಾರ್ರ ಮುಂದ."

ನಾಗಲಿಂಗಮ್ಮ ಹಾಲೇಶಪ್ಪನ ಅನ್ನಕ್ಕೆ ಸಾರು ಹಾಕಿ, ಸೌಟನ್ನು ಪಾತ್ರೆಗೆ ಇಳಿಸಿದಳು. "ನಾನೂ ಕೇಳಿಸ್ಕೊಂಡೆ ಬಿಡವ್ವ. ಅಡಿಗಿ ಮಾಡಾಕಿ ಅಡಿಗಿಯಾಕಿ ಅಲ್ಲದ ಏನು? ಉಣ್ಣು, ಆರ್ತೈತಿ."

ಅಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಕೊಡ ತೊಳೆಯುವ ಸಪ್ಪಳ ಕೇಳಿತು.

"ಖರೇನಾ?" ಸುಮಲತಾ ತಗ್ಗಿದ ದನಿಯಲ್ಲಿ ಕೇಳಿದಳು. "ಹಂಗಂದ್ರಾ ನೀವು?"

"ಬಾಯಿಗೆ ಬಂತು, ಅಂದೆ. ಏಜೆನ್ಸಿ ಮಾತು ನಡದೈತಿ. ಆಕಿ ಅಲ್ಲಿ ಸಿಳ್ಳಿ ಹೊಡಕೊಂತ ನಿಂತಾಳ, ನನ್ನ ಅಕ್ಕ ಅಂತ ಹೆಂಗ ಹೇಳ್ಲಿ?"

"ಹೆಂಗ ಅಂದ್ರ? ನಮ್ಮ ಅಕ್ಕ ರಿ, ಅಂತ ಹೇಳಬೇಕು. ಅಷ್ಟ."

"ಇನ್ನ ಮ್ಯಾಲ ಯಾರು ಕೇಳ್ತಾರ ಅದನ್ನ? ಮುಗೀತಲ್ಲ."

"ಅಕ್ಕಾರ ಹತ್ರ ತಪ್ಪಾತು ಅಂತ ಅನ್ರಿ."

"ಅಂತೀನಿ," ಎಂದ ಹಾಲೇಶಪ್ಪ. ಅನ್ನಲಿಲ್ಲ. ಎರಡು ಸಲ ಅಡಿಗೆಮನೆಯ ಬಾಗಿಲವರೆಗೆ ಹೋದ. ಒಮ್ಮೆ ನೀರು ಕೇಳಿದ, ಇನ್ನೊಮ್ಮೆ ಉಪ್ಪಿನಕಾಯಿ ಕೇಳಿದ. ಅವಳು ಎರಡನ್ನೂ ಕೊಟ್ಟಳು.

ಅದು ಮುಗಿಯಲಿಲ್ಲ. ಎರಡು ವಾರ ಕಳೆದ ಮೇಲೆ ಅಂಗಡಿಗೆ ಶಿವಯೋಗಪ್ಪನ ಫೋನು ಬಂತು. ಏಜೆನ್ಸಿ ಹಾಲೇಶಪ್ಪನಿಗೇ ಎಂದು ಹೇಳಿ, ಕಿರಿಮಗಳ ಮದುವೆಗೆ ಕುಟುಂಬ ಸಮೇತ ಬರಬೇಕೆಂದ. ಆಮೇಲೆ ಫೋನು ಕೊಟ್ರಮ್ಮನ ಕೈಗೆ ಹೋಯಿತು.

"ಹಾಲೇಶಪ್ಪಾರ, ಒಂದು ಉಪಕಾರ ಆಗಬೇಕಿತ್ತು. ಮದುವಿಗೆ ಸಣ್ಣ ಹುಡುಗ್ರು ಭಾಳ ಬರ್ತಾವ್ರಿ. ನಿಮ್ಮ ಅಡಿಗಿಯಾಕಿನ್ನ ಒಂದು ವಾರ ಕಳಿಸಿದ್ರ ಅವನ್ನೆಲ್ಲ ಸಂಭಾಳಿಸ್ತಾಳ. ಜೊತಿಗೆ ಅಡಿಗಿ ಮನ್ಯಾಗೂ ಒಂದು ಕೈ ಆಗ್ತೈತಿ. ಪಗಾರ ಕೊಟ್ಟು, ಸೀರಿ ಉಡಿಸಿ ಕಳಸ್ತೀವಿ. ನಮ್ಮ ಮೊಮ್ಮಕ್ಕಳು ಇನ್ನೂ ಬಸ್ಸಿನ ಅಜ್ಜಿ, ಬಸ್ಸಿನ ಅಜ್ಜಿ ಅಂತಾವ."

ಹಾಲೇಶಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಆಕಿಗೆ ಮೈಯಾಗ ಅಷ್ಟು ಆರಾಮಿಲ್ರಿ ಅಮ್ಮಾರ. ನೋಡಿ ಹೇಳ್ತೀನ್ರಿ."

ಸುಮಲತಾಳಿಗೆ ತಿಳಿದಾಗ ಅವಳು ಅಂಗಡಿಯಲ್ಲೇ ದನಿ ಎತ್ತಿದಳು. "ಈಗ್ಲೇ ಫೋನ್ ಮಾಡ್ರಿ. ಖರೇ ಏನೈತಿ ಅದನ್ನ ಹೇಳ್ರಿ."

"ಏನಂತ ಹೇಳ್ಲಿ? ಸ್ವಂತ ಅಕ್ಕನ್ನ ಆಳು ಅಂದಾನ ಅಂತ ಮುಖಕ್ಕ ಉಗುಳ್ತಾರ."

"ಉಗುಳ್ಲಿ! ಇವತ್ತು ಉಗುಳಿದ್ರ ಇವತ್ತಿಗೇ ಮುಗೀತೈತಿ."

"ನೀನಾ ಹೇಳಿಬಿಡು, ನಿನ್ನ ಮಾತು ಕೇಳ್ತಾರ."

"ನಾನ್ಯಾಕ ಹೇಳ್ಲಿ? ಅಂದೋರು ನೀವು. ನೀವು ಬಾಯಿ ತಗಿಯೋತನಕ ನಾನು ತಗಿಯೋದಿಲ್ಲ."

ಅವನು ಬಾಯಿ ತೆಗೆಯಲಿಲ್ಲ. ಒಂದು ಮಧ್ಯಾಹ್ನ ಕೊಟ್ರಮ್ಮನೇ ಹಡಗಲಿಗೆ ಬಂದಳು. ಮದುವೆಗೆ ಮಲ್ಲಿಗೆ ಬೇಕಿತ್ತು. ತೋಟದವರಿಗೆ ಹೇಳಿ, ಹಾಗೇ ಹಾಲೇಶಪ್ಪನ ಮನೆ ಕೇಳಿಕೊಂಡು ಬಂದಿದ್ದಳು. ಸುಮಲತಾ ಅಂಗಡಿಯಲ್ಲಿದ್ದಳು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ಹಾಲೇಶಪ್ಪ ಓಡಿಬಂದು ಕುರ್ಚಿ ಹಾಕಿದ. ಚಹಾ ತಂದವಳು ನಾಗಲಿಂಗಮ್ಮ.

"ಆರಾಮಾದೇನವ್ವ? ಮೈಯಾಗ ಚಲೋ ಇರಲಿಲ್ಲಂತಲ್ಲ," ಎಂದಳು ಕೊಟ್ರಮ್ಮ. "ನಾನಾ ಕರಿಯಾಕ ಬಂದೀನಿ ನೋಡು. ನಮ್ಮ ಮದುವಿಗೆ ಬರ್ತೀಯೇನು?"

ನಾಗಲಿಂಗಮ್ಮ ಚಹಾದ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ನಿಂತಳು. ತಮ್ಮನ ಕಡೆ ನೋಡಿದಳು. ಅವನು ಮಾತಾಡಲೆಂದು ಕಾದಳು. ಹಾಲೇಶಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ, ಫ್ಯಾನು ನೋಡಿದ, ಎದ್ದು ಫ್ಯಾನಿನ ವೇಗ ಹೆಚ್ಚು ಮಾಡಿ ಬಂದು ಕೂತ.

"ಬರ್ತೀನ್ರಿ ಅಮ್ಮಾರ," ಎಂದಳು ನಾಗಲಿಂಗಮ್ಮ.

ಕೊಟ್ರಮ್ಮ ಹೋದ ಮೇಲೆ ಅವನು ಅಕ್ಕನ ಹಿಂದೆಯೇ ಹಿತ್ತಲಿಗೆ ಹೋದ.

"ಯಾಕ ಒಪ್ಪಿಕೊಂಡಿ ಅಕ್ಕಾ?"

"ನೀನು ಬ್ಯಾಡ ಅಂತೀಯೇನೋ ಅಂತ ನೋಡಿದೆ. ಅನ್ನಲಿಲ್ಲಲ್ಲ."

"ಹೋಗಬ್ಯಾಡ. ಮತ್ತ ಜ್ವರ ಬಂದಾವ ಅಂತ ಫೋನ್ ಮಾಡ್ತೀನಿ."

"ಇನ್ನೊಂದು ಸುಳ್ಳಿಗೆ ನನ್ನ ಮೈ ಕೊಡೋದಿಲ್ಲಪ್ಪ," ಎಂದಳು. ದನಿ ಏರಿರಲಿಲ್ಲ. "ಹೂವು ಮಾರೋವಾಗ ಯಾರ್ ಯಾರ ಬಾಯಿಂದಾನೋ ಏನೇನೋ ಅನ್ನಿಸ್ಕೊಂಡೀನಿ. ಬೈಸ್ಕೊಂಡೀನಿ. ಅವ್ರು ಬ್ಯಾರೆ ಮಂದಿ, ಮನಸಿಗೆ ಹಚ್ಚಿಕೊಳ್ಳಲಿಲ್ಲ. ಈ ಮನ್ಯಾಗ ಕುಂತು ಉಣ್ಣೋ ಅನ್ನ ನಂದು ಅಂತ ತಿಳಕೊಂಡಿದ್ದೆ. ದುಡಿದದ್ದಕ್ಕ ಹಾಕ್ತಾರ ಅಂತ ಆವತ್ತು ಗೊತ್ತಾತು. ಹೋಗಿ ಅಲ್ಲೂ ದುಡಿದು ಬರ್ತೀನಿ."

ಹಾಲೇಶಪ್ಪ ತುಳಸಿಕಟ್ಟೆಯ ಮೇಲೆ ಕೈಯಿಟ್ಟು ನಿಂತ. ಕಾಲಿಗೆ ಬೀಳಬೇಕೆನಿಸಿತು. ಅಷ್ಟರಲ್ಲಿ ಅಂಗಡಿಯ ಹುಡುಗ ಗಿರಾಕಿ ಬಂದಿದ್ದಾರೆಂದು ಕರೆದ. ಹೋದ.

*

ನಾಗಲಿಂಗಮ್ಮ ಒಂದು ಕೈಚೀಲ ಹಿಡಿದು ಹರಪನಹಳ್ಳಿಯ ಬಸ್ಸು ಹತ್ತಿದಳು. ಸುಮೋ ತರಿಸುತ್ತೇನೆಂದ ತಮ್ಮನಿಗೆ, "ಅಡಿಗಿಯಾಕಿ ಸುಮೋದಾಗ ಹೋದ್ರ ನಗ್ತಾರ" ಎಂದಷ್ಟೇ ಹೇಳಿದ್ದಳು.

ಆ ವಾರ ಮನೆಯಲ್ಲಿ ರೊಟ್ಟಿಯ ಸಪ್ಪಳವಿರಲಿಲ್ಲ. ಸುಮಲತಾ ಬೆಳಿಗ್ಗೆಯೇ ಅನ್ನ, ಸಾರು ಮಾಡಿಟ್ಟು ಅಂಗಡಿಗೆ ಬರುತ್ತಿದ್ದಳು. ಎರಡು ಹೊತ್ತೂ ಅದೇ.

"ಒಂದು ಪಲ್ಯ ಮಾಡಬಾರದೇನು?" ಎಂದ ಹಾಲೇಶಪ್ಪ.

"ನಿಮ್ಮ ಅಡಿಗಿಯಾಕಿ ರಜಾ ಹಾಕ್ಯಾಳ. ಬಂದ ಮ್ಯಾಲ ಮಾಡಿಸ್ಕೊಂಡು ಉಣ್ರಿ."

ಗವಿ ಯಾರು ಕಲಸಿಕೊಟ್ಟರೂ ಉಣ್ಣಲಿಲ್ಲ. ಅರ್ಚನಾ ತಂದೆ ಬಂದರೆ ಪುಸ್ತಕ ಎತ್ತಿಕೊಂಡು ಎದ್ದುಹೋಗುತ್ತಿದ್ದಳು. ಪಕ್ಕದ ಮನೆಯ ಗುಲ್ಜಾರ್ ಬೀ ಗೋಡೆಯ ಆಚೆಯಿಂದ ಕೇಳಿದಳು.

"ನಾಗಲಿಂಗಕ್ಕ ಕಾಣವಲ್ಲಳು, ಎಲ್ಲಿಗೆ ಹೋಗ್ಯಾಳ ಹಾಲೇಶಣ್ಣ?"

"ನೆಂಟರ ಮದುವಿಗೆ."

"ಯಾವ ನೆಂಟರಪ್ಪ? ನನಗ ಹೇಳದ ಹೋಗಾಕಿ ಅಲ್ಲ ಆಕಿ. ಆವತ್ತು ಬಾವಿ ಕಟ್ಟಿ ಮ್ಯಾಲ ಕುಂತು ಅಳಾಕ ಹತ್ತಿದ್ಲು. ಕೇಳಿದ್ರ ಕಣ್ಣಾಗ ಕಸ ಬಿತ್ತು ಅಂದ್ಲು. ಮನ್ಯಾಗ ಏನರ ಆತೇನು?"

"ಏನಿಲ್ಲ," ಎಂದು ಹಾಲೇಶಪ್ಪ ಒಳಗೆ ಬಂದ. ಹಿತ್ತಲ ಬಾಗಿಲು ಹಾಕಿಕೊಂಡ. ಅಕ್ಕ ಅತ್ತದ್ದನ್ನು ಅವನು ಭಾವ ಸತ್ತ ದಿನ ಬಿಟ್ಟರೆ ಎಂದೂ ನೋಡಿರಲಿಲ್ಲ.

*

ಹರಪನಹಳ್ಳಿಯ ಕಲ್ಯಾಣಮಂಟಪದಲ್ಲಿ ಅಕ್ಷತೆ ಮುಗಿದು ಊಟದ ಹೊತ್ತಾಗಿತ್ತು. ಊಟದ ಮನೆಯ ಬಾಗಿಲಲ್ಲಿ ಮಂದಿ ಕಿಕ್ಕಿರಿದಿದ್ದರು. ಮೊದಲ ಪಂಕ್ತಿ ಏಳುವವರೆಗೆ ಮಿಕ್ಕವರು ಕಾಯಬೇಕು. ಅಲ್ಲೇ ಪಕ್ಕದ ಪಡಸಾಲೆಯಲ್ಲಿ ಹಸಿದ ಮಕ್ಕಳ ಉದ್ದನೆಯ ಸಾಲು. ಒಂದೂ ಅಳುತ್ತಿರಲಿಲ್ಲ. ನಾಗಲಿಂಗಮ್ಮ ಅವನ್ನು ಸಂತೆ ಮಾಡಿ ನಿಲ್ಲಿಸಿದ್ದಳು. ಒಬ್ಬ ಬದನೆಕಾಯಿ ಕೂಗುತ್ತಿದ್ದ, ಒಬ್ಬಳು ಮೆಣಸಿನಕಾಯಿ. ಸುಮ್ಮನೆ ನಿಂತವರ ಸಾಮಾನು ಕೊಳೆತುಹೋಗುತ್ತದೆಂದು ಎಲ್ಲ ಮಕ್ಕಳೂ ಗಂಟಲು ಹರಿಯುವಂತೆ ಕೂಗುತ್ತಿದ್ದವು. ಗವಿ ಅವಳನ್ನು ಕಂಡವನೇ ಓಡಿದ. ಅರ್ಚನಾ ತಮ್ಮನ ಹಿಂದೆ ಹೋದಳು.

ಹಾಲೇಶಪ್ಪನನ್ನು ಶಿವಯೋಗಪ್ಪ ಕೈ ಹಿಡಿದು ಕರೆದೊಯ್ದು ಮೊದಲ ಪಂಕ್ತಿಯಲ್ಲಿ ತನ್ನ ಬೀಗರ ಪಕ್ಕದಲ್ಲಿ ಕೂರಿಸಿದ. "ನಮ್ಮ ಹಡಗಲಿ ಏಜೆಂಟ್ರು" ಎಂದು ಪರಿಚಯಿಸಿದ. ಸುಮಲತಾ ಎದುರು ಸಾಲಿನಲ್ಲಿ ಕೂತಳು. ಎಲೆಗೆ ಕೋಸಂಬರಿ, ಪಲ್ಯ ಬಂದವು. ಆಮೇಲೆ ಹುಗ್ಗಿಯ ಬಕೀಟು ಹಿಡಿದು ನಾಗಲಿಂಗಮ್ಮ ಬಂದಳು. ಒಲೆಯ ಶಾಖಕ್ಕೆ ಮುಖ ಕಪ್ಪಾಗಿತ್ತು. ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು.

ಅವನ ಎಲೆಗೆ ಹುಗ್ಗಿ ಬಡಿಸಿ, ಎಲ್ಲರಿಗೂ ಕೇಳಿದಂತೆ ಕೇಳಿದಳು. "ಇನ್ನಷ್ಟು ಹಾಕ್ಲೇನ್ರಿ?"

ಹಾಲೇಶಪ್ಪ ತಲೆ ಎತ್ತದೆ ಸಾಕೆಂದು ಕೈ ಅಡ್ಡ ಹಿಡಿದ.

ಅಷ್ಟರಲ್ಲಿ ಗವಿ ಒಳಗೆ ನುಗ್ಗಿ, "ಅತ್ತೀ, ನನಗ ನೀನಾ ಉಣಿಸಬೇಕು" ಎಂದು ಅವಳ ಸೀರೆ ಜಗ್ಗಿದ. ಬಕೀಟು ವಾಲಿತು. ಉಪಚಾರ ಮಾಡುತ್ತ ಬರುತ್ತಿದ್ದ ಕೊಟ್ರಮ್ಮ ನಕ್ಕಳು.

"ಅಯ್ಯ, ನೋಡ್ರಿ ಹಾಲೇಶಪ್ಪಾರ, ನಿಮ್ಮ ಹುಡುಗ ಆಳಿನ್ನ ಎಷ್ಟು ಹಚ್ಚಿಕೊಂಡಾನ! ಅತ್ತಿ ಅಂತ ಕರೀತಾನ!"

ಪಕ್ಕದ ಬೀಗರೂ ನಕ್ಕರು. ಸುಮಲತಾ ಎದುರಿನಿಂದ ಗಂಡನನ್ನೇ ನೋಡುತ್ತಿದ್ದಳು. ಹಾಲೇಶಪ್ಪ ಹುಗ್ಗಿಯಲ್ಲಿ ಬೆರಳಾಡಿಸಿದ.

"ಆಕಿ ಆಳಲ್ಲ."

ಬಾಗಿಲಲ್ಲಿ ಅರ್ಚನಾ ನಿಂತಿದ್ದಳು. "ಆಕಿ ನಮ್ಮ ಅತ್ತಿ. ನಮ್ಮ ಅಪ್ಪನ ಅಕ್ಕ. ಅಪ್ಪ ಸುಳ್ಳು ಹೇಳ್ಯಾನ."

"ಅರ್ಚನಾ!" ಎಂದಳು ನಾಗಲಿಂಗಮ್ಮ. "ಮಂದಿ ಮದುವ್ಯಾಗ ಏನಿದು? ನಡಿ ಹೊರಗ."

ಕೊಟ್ರಮ್ಮ ಹಾಲೇಶಪ್ಪನ ಕಡೆ ನೋಡಿದಳು. ಅವನು ಇಲ್ಲ ಎನ್ನುತ್ತಾನೆಂದು ಕಾದಂತಿತ್ತು. ಅವನು ಎಲೆಯನ್ನು ಅರ್ಧಕ್ಕೆ ಮಡಚಿದ.

"ನಾವು ಈಕಿ ಕೈಲಿ ಎಂಜಲೆಲಿ ತಗಿಸಿದ್ವಲ್ರೀ... ಬಚ್ಚಲ ತೊಳಿಸಿದ್ವಲ್ಲ. ನಿನ್ನೆ ಹಾಲು ಉಕ್ಕಿಸಿದ್ಲು ಅಂತ ನಾನು ಬಾಯಿಗೆ ಬಂದಂಗ ಬೈದೆ." ಕೊಟ್ರಮ್ಮ ಹಾಲೇಶಪ್ಪನನ್ನು ಬಿಟ್ಟು ಸುಮಲತಾಳ ಕಡೆ ತಿರುಗಿದಳು. "ನೀವರ ಒಂದು ಮಾತು ಹೇಳಬಾರದಾಗಿತ್ತೇನ್ರಿ?"

ಸುಮಲತಾ ಎಲೆಯ ಮುಂದಿನಿಂದ ಎದ್ದಳು. "ನನ್ನದೂ ತಪ್ಪೈತ್ರಿ," ಎಂದಳು. ಅವಳ ಕಣ್ಣು ತುಂಬಿದ್ದವು. ಗಂಡನಿಗೆ ಬುದ್ಧಿ ಕಲಿಸುತ್ತೇನೆಂದು ಬಾಯಿ ಮುಚ್ಚಿಕೊಂಡು ಕೂತವಳಿಗೆ, ಬಚ್ಚಲು ತೊಳೆದದ್ದು ಅಕ್ಕಾರ ಕೈ ಎಂಬುದು ಆಗ ತಟ್ಟಿತು.

ಹಾಲೇಶಪ್ಪ ಕೈ ತೊಳೆಯಲು ಹೋದಾಗ ಶಿವಯೋಗಪ್ಪ ಜೊತೆಗೆ ಬಂದ. ಬೈಯಲಿಲ್ಲ. ಟವೆಲು ಕೊಟ್ಟು, "ನಾಳಿ ಗಿರಾಕಿಗೆ ಸಾಮಾನು ಕೊಟ್ಟು ಇದಕ್ಕ ಗ್ಯಾರಂಟಿ ಐತಿ ಅಂತೀರಿ," ಎಂದ. "ನಿಮ್ಮ ಮಾತು ಅವ್ರು ಹೆಂಗ ನಂಬಬೇಕ್ರಿ?" ಉತ್ತರಕ್ಕೆ ನಿಲ್ಲದೆ ಬೀಗರ ಕಡೆ ಹೋದ.

ಹೆಣ್ಣು ಕಳಿಸುವ ಹೊತ್ತಿಗೆ ಮಂಟಪ ಖಾಲಿಯಾಗತೊಡಗಿತ್ತು. ಸುಮಲತಾ ಮಕ್ಕಳನ್ನು ಕರೆದುಕೊಂಡು ಗಾಡಿಯ ಕಡೆ ಹೊರಟಳು. "ಅಕ್ಕಾರನ್ನ ನೀವಾ ಕರಕೊಂಡು ಬರ್ರಿ," ಎಂದಳು. "ಅವ್ರು ಬರದಿದ್ರ ನಾವೂ ಇಲ್ಲೇ ಕುಂತಿರ್ತೀವಿ."

ಅಡಿಗೆಯವರ ತಗಡಿನ ಷೆಡ್ಡು ಮಂಟಪದ ಹಿಂದಿತ್ತು. ಕೆಲಸದ ಹೆಂಗಸರು ಸುತ್ತ ಕೂತು ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದರು. ನಾಗಲಿಂಗಮ್ಮ ಅವರ ನಡುವೆ ಹುಗ್ಗಿ ಬೇಯಿಸಿದ ಗುಂಡಾಲಿ ಪಾತ್ರೆಯೊಳಗೆ ಅರ್ಧ ಮೈ ಬಗ್ಗಿಸಿದ್ದಳು. ಹಾಲೇಶಪ್ಪ ಹತ್ತಿರ ಹೋಗುವಷ್ಟರಲ್ಲಿ ಕೊಟ್ರಮ್ಮ ತಟ್ಟೆಯಲ್ಲಿ ಸೀರೆ ಇಟ್ಟುಕೊಂಡು ಬಂದಳು.

"ಇನ್ನೂ ಯಾಕ ತಿಕ್ತೀರಿ ಅಕ್ಕಾರ, ಏಳ್ರಿ. ನಮ್ಮಿಂದ ತಪ್ಪಾತ್ರಿ."

"ನಿಮ್ಮದೇನು ತಪ್ಪು ತಾಯಿ? ನಿಮಗ ಹೇಳಿದ್ದನ್ನ ನೀವು ನಂಬಿದ್ರಿ. ಹೆಣ್ಣು ಕಳಿಸೋತನಕ ಕೆಲಸ ಮಾಡ್ತೀನಿ ಅಂದಿದ್ದೆ, ಮಾಡಾಕ ಹತ್ತೀನಿ." ಕೈ ತೊಳೆದು ಸೀರೆಯನ್ನು ಕಣ್ಣಿಗೆ ಒತ್ತಿ ತೆಗೆದುಕೊಂಡಳು. ಅದರ ಮೇಲಿದ್ದ ಪಗಾರದ ದುಡ್ಡನ್ನೂ ತೆಗೆದುಕೊಂಡಳು.

"ಅಕ್ಕಾ, ರೊಕ್ಕ ಬ್ಯಾಡ..." ಎಂದ ಹಾಲೇಶಪ್ಪ.

"ದುಡಿದೀನಲ್ಲ, ಯಾಕ ಬ್ಯಾಡ?" ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಗುಂಡಾಲಿಗೆ ಬಗ್ಗಿದಳು.

ಕೊಟ್ರಮ್ಮ ಕಣ್ಣೊರೆಸಿಕೊಂಡು ಹೋದಳು. ಹಾಲೇಶಪ್ಪ ಎಂಜಲು ನೀರು ಹರಿಯುವ ಕಾಲುವೆಯ ಪಕ್ಕದಲ್ಲಿ, ಬಿಳಿ ಬಟ್ಟೆಯಲ್ಲಿ, ಎಲ್ಲಿ ಕಾಲಿಡಬೇಕೋ ತಿಳಿಯದೆ ನಿಂತ. ಆಚೆ ಒಲೆಯ ಮುಂದೆ ಅಡಿಗೆಯ ಹಿರಿಯಾಳು ಬೊಮ್ಮಮ್ಮ ಕೆಲಸದವರಿಗೆ ಚಹಾ ಕಾಯಿಸುತ್ತಿದ್ದಳು. ಗ್ಯಾಸಿನ ದೊಡ್ಡ ಒಲೆ ಭೋರೆಂದು ಉರಿಯುತ್ತಿತ್ತು.

"ಯಾರವ್ವ ನಾಗಲಿಂಗಮ್ಮ ಇವ್ರು?" ಅವಳು ಒಲೆಯ ಸಪ್ಪಳದ ಮೇಲೆ ಕೂಗಿ ಕೇಳಿದಳು. "ಆಗಳಿಂದ ನಿಂತಾರ. ನಿನಗ ಏನಾಗಬೇಕು?"

ನಾಗಲಿಂಗಮ್ಮ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಅವ್ರನ್ನಾ ಕೇಳು," ಎಂದಳು.

ಬೊಮ್ಮಮ್ಮ ಹಾಲೇಶಪ್ಪನ ಕಡೆ ನೋಡಿದಳು. ಪಾತ್ರೆ ತಿಕ್ಕುವ ಹೆಂಗಸರೂ ನೋಡಿದರು.

"ತಮ್ಮ," ಎಂದ ಹಾಲೇಶಪ್ಪ.

"ಏನಂದ್ರಿ? ಕೇಳಸಲಿಲ್ಲ."

"ತಮ್ಮ!" ಅವನು ಕೂಗಿದ. "ಈಕಿ ತಮ್ಮ ನಾನು. ಒಡಹುಟ್ಟಿದಾಂವ. ಈಕಿ ನಮ್ಮ ಅಕ್ಕ!"

ಬೊಮ್ಮಮ್ಮ ಅವನ ಬಟ್ಟೆ ನೋಡಿದಳು, ಕೈಯ ಗಡಿಯಾರ ನೋಡಿದಳು. ಆಮೇಲೆ ನಾಗಲಿಂಗಮ್ಮನ ಪಟ್ಟಿ ಸುತ್ತಿದ ಬೆರಳಿನ ಕಡೆ ನೋಡಿದಳು. ಬೈಯುವ ದನಿಯಲ್ಲ, ನಿಜಕ್ಕೂ ತಿಳಿಯದೆ ಕೇಳುವ ದನಿಯಲ್ಲಿ ಕೇಳಿದಳು.

"ನೀನು ಇದ್ದೂ ಅಕ್ಕನ್ನ ಮಂದಿ ಎಂಜಲ ತಿಕ್ಕಾಕ ಕಳಿಸೀಯೇನು?"

ಹಾಲೇಶಪ್ಪ ಅಕ್ಕನ ಕಡೆ ನೋಡಿದ. ಚಿಕ್ಕಂದಿನಿಂದ ಅವನ ಪರವಾಗಿ ಮಾತಾಡಿದವಳು ಅವಳೇ. ಅವಳು ತಿಕ್ಕುವ ಕೈ ನಿಲ್ಲಿಸಿ, ಗುಂಡಾಲಿಯ ಅಂಚು ಹಿಡಿದು, ಅವನ ಬಾಯನ್ನೇ ನೋಡುತ್ತ ಕೂತಿದ್ದಳು.

"ಹೌದವ್ವ," ಎಂದ ಹಾಲೇಶಪ್ಪ. "ಕಳಿಸೀನಿ."